ಬೀಳುವುದನ್ನು ಕಲಿಸಿದ ವರ್ಷ

ಹೋದ ತಿಂಗಳು ಸಿಂಗಪುರದ ಬೂನ್ ಲೇ ಬಸ್ ಇಂಟರ್‌ಚೇಂಜಿನಲ್ಲಿ ನಿಂತಿದ್ದಾಗ ಎದುರಿನ ಗೋಡೆಯ ಮೇಲೆ ಅವರ ಮುಖ ಕಾಣಿಸಿತು. ಗಡ್ಡ ನೀಟಾಗಿ ಕತ್ತರಿಸಿಕೊಂಡು, ನೀಲಿ ಜರ್ಸಿ ತೊಟ್ಟು, ಎದೆಯ ಮೇಲೆ ಕೈ ಕಟ್ಟಿ ನಿಂತ ಚಿತ್ರ. ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ‘ಮಾಜಿ ವೃತ್ತಿಪರ ಡಿಫೆಂಡರ್’ ಎಂದೂ, ನಿಮ್ಮ ಮಗುವಿಗೆ ಶಾಲೆಗಳು ಮೆಚ್ಚುವಂಥ ವಿಡಿಯೊ ಮಾಡಿಕೊಡುತ್ತೇವೆ ಎಂದೂ ಬರೆದಿತ್ತು. ಕೈಯಲ್ಲಿದ್ದ ಅರ್ಧ ತಿಂದ ಟೋಸ್ಟನ್ನು ಕಸದ ಡಬ್ಬಿಗೆ ಹಾಕಿದೆ. ಬಸ್ಸು ಬಂದು ನಿಂತು ಹೊರಟೂ ಹೋಯಿತು. ನಾನು ಹತ್ತಲಿಲ್ಲ.

ಮನುಷ್ಯ ಮೊದಲಿಂದಲೂ ಕೆಟ್ಟವರಾಗಿದ್ದಿದ್ದರೆ ಇಷ್ಟು ಅಸಹ್ಯ ಆಗುತ್ತಿರಲಿಲ್ಲ. ಕಾಮ್ರಾನ್ ಕೆಟ್ಟವರಾಗಿರಲಿಲ್ಲ. ನನ್ನ ಮಗಳು ದಿಶಾ ಪ್ರೈಮರಿ ಆರನೇ ತರಗತಿಯಲ್ಲಿದ್ದ ಆ ವರ್ಷ, ಚೈನೀಸ್ ನ್ಯೂ ಇಯರ್ ರಜೆ ಮುಗಿದ ಮೇಲೆ, ನಮ್ಮ ಮನೆ ಹತ್ತಿರದ ಫುಟ್‌ಬಾಲ್ ಅಕಾಡೆಮಿಗೆ ಹೆಣ್ಣುಮಕ್ಕಳ ಕೋಚ್ ಆಗಿ ಬಂದರು. ನಲವತ್ತು ದಾಟಿದ ಎತ್ತರದ ಆಳು. ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಕ್ಲಾಸ್ ಮುಗಿದ ಮೇಲೆ ಪಕ್ಕದ ಕಾಪಿ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಐಸ್ ಇಸಿದುಕೊಂಡು ಬಂದು, ಮಂಡಿಗೆ ಕಟ್ಟಿಕೊಂಡು, ಸಕ್ಕರೆ ತುಂಡನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಹಾಲಿಲ್ಲದ ಚಹಾ ಹೀರುತ್ತಾ ಕೂರುವರು. ಆ ಹೊತ್ತಿನಲ್ಲಿ ಯಾರಾದರೂ ಪಕ್ಕದಲ್ಲಿ ಕೂತರೆ ತಮ್ಮ ಆಟದ ಕಥೆ ಹೇಳುವರು. ಮಾತೆಲ್ಲ ತುಂಡು ತುಂಡು ಇಂಗ್ಲಿಷ್. ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಇರಾನಿನ ದಕ್ಷಿಣದಲ್ಲಿ ಎಣ್ಣೆ ತೆಗೆಯುವ ಊರೊಂದು ಅವರದು. ಅಪ್ಪ ರಿಫೈನರಿಯಲ್ಲಿ ಫಿಟ್ಟರ್. ಆಡುತ್ತಿದ್ದ ಬಯಲಿನಲ್ಲಿ ಹುಲ್ಲಿರಲಿಲ್ಲವಂತೆ, ಬರೀ ಉಪ್ಪುಮಣ್ಣು. “ಬಿದ್ದರೆ ಚರ್ಮ ಸುಲಿಯುತ್ತೆ, ಸುಲಿದ ಕಡೆ ಉಪ್ಪು ಉರಿಯುತ್ತೆ. ಅದಕ್ಕೇ ನಮ್ಮೂರ ಡಿಫೆಂಡರ್‌ಗಳು ನಿಂತೇ ಆಡ್ತಾರೆ,” ಅನ್ನುವರು. ಅಲ್ಲಿಂದ ಟೆಹ್ರಾನಿನ ಎರಡನೇ ದರ್ಜೆಯ ಕ್ಲಬ್ಬು, ಆಮೇಲೆ ಕೊಲ್ಲಿ ದೇಶದಲ್ಲೊಂದು ಕ್ಲಬ್ಬು, ಕೊನೆಗೆ ವಿದೇಶಿ ಆಟಗಾರನಾಗಿ ಸಿಂಗಪುರ. ಇಲ್ಲಿ ಎರಡನೇ ಸೀಸನ್ನಿನಲ್ಲೇ ಮಂಡಿ ಹೋಯಿತು. ಆಡಲಾಗದವನು ಕಲಿಸಬಹುದು ಎಂದು ಕೋಚಿಂಗ್ ಪರೀಕ್ಷೆಗಳನ್ನು ಒಂದೊಂದಾಗಿ ಪಾಸು ಮಾಡಿದರು. ದೊಡ್ಡವರ ತಂಡಕ್ಕೆ ಸಹಾಯಕರಾಗಿದ್ದರು, ಕಾಲೇಜು ಹುಡುಗರಿಗೆ ಕಲಿಸಿದರು, ಈಗ ಹನ್ನೊಂದು ಹನ್ನೆರಡು ವರ್ಷದ ಹುಡುಗಿಯರಿಗೆ. ಈ ಇಳಿಜಾರನ್ನು ಅವರು ನಗುನಗುತ್ತಲೇ ಹೇಳುತ್ತಿದ್ದರು. ತಾನು ಆಡಿದಷ್ಟು ದಿನ ಗೋಲು ಹೊಡೆಯಲು ನುಗ್ಗಿ ಬರುವ ಯಾವ ಫಾರ್ವರ್ಡೂ ಒಂದೇ ಪಕ್ಕದಿಂದ ಎರಡು ಸಲ ತನ್ನನ್ನು ದಾಟಿ ಹೋಗಿಲ್ಲ ಎಂಬ ಒಂದು ಮಾತನ್ನು ಹೇಳುವಾಗ ಮಾತ್ರ ನಗುತ್ತಿರಲಿಲ್ಲ.

ದಿಶಾಳನ್ನು ಅವರು ತಮ್ಮ ಮೂರನೇ ದಿನದ ತರಬೇತಿಯಲ್ಲೇ ಗುರುತಿಸಿದರು. ಅಲ್ಲಿಯವರೆಗೆ ಅವಳು ಎಲ್ಲರ ಹಾಗೆ ಚೆಂಡಿನ ಹಿಂದೆ ಓಡುತ್ತಿದ್ದ ಹುಡುಗಿ. ಅವಳನ್ನು ಹಿಂದೆ, ಗೋಲಿನ ಕಾವಲಿಗೆ ನಿಲ್ಲಿಸಿ, ಚೆಂಡು ತರುತ್ತಿದ್ದ ಹುಡುಗಿಯನ್ನು ತೋರಿಸಿ, “ಚೆಂಡು ನೋಡಬೇಡ, ಅವಳ ಸೊಂಟ ನೋಡು. ಕಾಲು ಸುಳ್ಳು ಹೇಳುತ್ತೆ, ಸೊಂಟ ಹೇಳಲ್ಲ,” ಅಂದರು. ಅಷ್ಟೇ. ಆವತ್ತು ಅವಳನ್ನು ದಾಟಿ ಒಂದು ಚೆಂಡೂ ಹೋಗಲಿಲ್ಲ. ಮನೆಗೆ ಬಂದವಳು ಸಾಂಬಾರ್ ಬಡಿಸುತ್ತಿದ್ದ ನನ್ನ ಸೊಂಟವನ್ನೇ ನೋಡುತ್ತಾ, “ಅಮ್ಮಾ, ನೀನೀಗ ಫ್ರಿಡ್ಜ್ ಕಡೆ ತಿರುಗ್ತೀಯ,” ಅಂದಳು. ತಿರುಗಿದೆ. ಅವಳ ಅಪ್ಪ ಮುರಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಎರಡು ಮೂರು ತಿಂಗಳು ನಮ್ಮ ಮನೆಯಲ್ಲಿ ಇದ್ದ ಸಂತೋಷ ಇವತ್ತು ನೆನೆಸಿಕೊಂಡರೂ ಸಂತೋಷವೇ. ವುಡ್‌ಲ್ಯಾಂಡ್ಸ್ ಕಡೆಯ ಒಂದು ಹೈಸ್ಕೂಲಿನಲ್ಲಿ ಹುಡುಗಿಯರ ಒಳ್ಳೆಯ ತಂಡ ಇದೆ, ಅಲ್ಲಿ ಸೇರಬೇಕು ಎಂದು ದಿಶಾ ತಾನಾಗಿಯೇ ತೀರ್ಮಾನಿಸಿದಳು. ಅಲ್ಲಿಯವರೆಗೆ ಅವಳು ತಾನಾಗಿ ಏನನ್ನೂ ಕೇಳಿದ ಮಗುವಲ್ಲ. ಹಾಕಿದ ಕ್ಲಾಸಿಗೆ ಹೋಗಿ, ಕೊಟ್ಟ ಊಟ ಮಾಡಿ, ಸುಮ್ಮನಿರುತ್ತಿದ್ದಳು.

ಆ ಶಾಲೆಗೆ ಹೋಗುವ ದಾರಿ ಇದ್ದದ್ದು ಎಲ್ಲರೂ ಡಿಎಸ್‌ಎ ಅನ್ನುವ ಪದ್ಧತಿಯಲ್ಲಿ. ಆರನೇ ತರಗತಿಯ ದೊಡ್ಡ ಪರೀಕ್ಷೆಗೆ ಮುಂಚೆಯೇ ಆಟವನ್ನೋ ಸಂಗೀತವನ್ನೋ ತೋರಿಸಿ ಹೈಸ್ಕೂಲಿನಲ್ಲಿ ಸೀಟು ಕಾದಿರಿಸಿಕೊಳ್ಳುವುದು. ಆಟ ಬರುವ ಮಕ್ಕಳಿಗೆಂದು ಮಾಡಿದ ದಾರಿ ಅದು. ನಮ್ಮವರು ಅದನ್ನೂ ಬಿಡಲಿಲ್ಲ.

ನಮ್ಮವರು ಅಂದರೆ ನಮ್ಮ ಕಾಂಡೋ ಅಪಾರ್ಟ್‌ಮೆಂಟಿನ, ಅಕ್ಕಪಕ್ಕದ ಬ್ಲಾಕುಗಳ ಕನ್ನಡದ ಅಪ್ಪ ಅಮ್ಮಂದಿರು. ಬೆಂಗಳೂರು, ಮೈಸೂರು, ಬ್ಯಾಂಕು, ಸಾಫ್ಟ್‌ವೇರು. ನಾನೂ ಬ್ಯಾಂಕೇ. ಈ ಗುಂಪಿಗೆ ಯಾರೂ ಆರಿಸದಿದ್ದರೂ ಮುಖಂಡರಾಗಿದ್ದವರು ಪ್ರಕಾಶ್, ಜಯನಗರದವರು. ಅವರ ಮಗಳು ಸಾನ್ವಿ ದಿಶಾಳ ಕ್ಲಾಸಿನವಳೇ. ಫೆಬ್ರವರಿಯಲ್ಲಿ ಅಕಾಡೆಮಿಯಲ್ಲಿ ನಮ್ಮ ಕಡೆಯ ಹುಡುಗಿಯರು ಇಬ್ಬರೇ ಇದ್ದರು. ವುಡ್‌ಲ್ಯಾಂಡ್ಸಿನ ಆ ಶಾಲೆಯ ಪರೀಕ್ಷೆಯ ಫಲಿತಾಂಶ ಬಹಳ ಚೆನ್ನಾಗಿದೆ, ಹುಡುಗಿಯರ ಫುಟ್‌ಬಾಲಿಗೆ ಸ್ಪರ್ಧೆಯೂ ಕಡಿಮೆ ಎಂದು ಯಾರೋ ಪತ್ತೆ ಮಾಡಿದರು. ಏಪ್ರಿಲಿನ ಹೊತ್ತಿಗೆ ದಿಶಾಳನ್ನು ಬಿಟ್ಟೇ ಎಂಟು ಹುಡುಗಿಯರಾದರು. ಹಿಂದಿನ ವಾರದವರೆಗೆ ವೀಣೆ, ಭರತನಾಟ್ಯ ಅನ್ನುತ್ತಿದ್ದವರೆಲ್ಲ ಇದ್ದಕ್ಕಿದ್ದಂತೆ ಶೂ ಸೈಜು ಕೇಳತೊಡಗಿದರು. ಆ ಮಕ್ಕಳಲ್ಲಿ ಅರ್ಧ ಜನಕ್ಕೆ ಚೆಂಡು ಕಂಡರೆ ಭಯ. ಒಬ್ಬಳು ಬಿಸಿಲಿಗೆ ಅಳುತ್ತಿದ್ದಳು. ಅವಳ ಅಮ್ಮ ಬೇಲಿಯಾಚೆಯಿಂದ, “ಆರು ತಿಂಗಳು ಅಷ್ಟೇ ಕಣೇ, ಸೀಟ್ ಸಿಗ್ಲಿ, ಆಮೇಲೆ ಬಿಟ್ಬಿಡುವಂತೆ,” ಎಂದು ಸಮಾಧಾನ ಮಾಡುತ್ತಿದ್ದರು.

ಶನಿವಾರದ ಆ ಬೇಲಿಯ ಪಕ್ಕದ ಕಟ್ಟೆ ನನಗೆ ವಾಕರಿಕೆ ಬರಿಸುವ ಜಾಗವಾಯಿತು. ಮೇಲೆ ಉರಿಬಿಸಿಲು, ಕಾದ ಕೃತಕ ಹುಲ್ಲಿನಿಂದ ಏಳುವ ರಬ್ಬರಿನ ನಾತ, ಡಬ್ಬಿಯಲ್ಲಿ ಬೆವತ ಉಪ್ಪಿಟ್ಟು, ಎಲ್ಲರ ಕೈಯಲ್ಲೂ ಮೇಲೆತ್ತಿದ ಫೋನು. ಶೂಟ್ ಮಾಡು, ಶೂಟ್ ಮಾಡು ಎಂದು ಕಿರುಚುವ ಗಂಡಸರು. ಮಧ್ಯಾಹ್ನದ ಮೋಡ ಕಟ್ಟಿ ಮೈದಾನದಲ್ಲಿ ಮಿಂಚಿನ ಎಚ್ಚರಿಕೆಯ ಸೈರನ್ ಕೂಗಿದರೆ ಎಲ್ಲರೂ ಆಟ ನಿಲ್ಲಿಸಿ ಸೂರಿನ ಕೆಳಗೆ ಬರಬೇಕು. ಆ ಒಂದು ಗಂಟೆ ಪೂರ್ತಿ ಮಾತೆಂದರೆ ಒಂದೇ, ಯಾರ ಮಗಳ ವಿಡಿಯೊದಲ್ಲಿ ಏನಿದೆ. ಶಾಲೆಯವರು ಅರ್ಜಿಯ ಜೊತೆ ಆಟದ ಸಣ್ಣ ವಿಡಿಯೊ ನೋಡುತ್ತಾರೆ ಎಂದು ಸುದ್ದಿ ಹಬ್ಬಿತ್ತು. ವಿಡಿಯೊ ಅಂದರೆ ಗೋಲು. ಗೋಲು ಹೊಡೆಯುವುದು ಹೋಗಲಿ, ದಿಶಾ ಹಿಂದೆ ನಿಂತಿದ್ದರೆ ಇವರ ಮಕ್ಕಳಿಗೆ ಚೆಂಡನ್ನು ಗೋಲಿನ ಹತ್ತಿರಕ್ಕೂ ಒಯ್ಯಲಾಗುತ್ತಿರಲಿಲ್ಲ.

ದಿಶಾಳ ವಿಡಿಯೊದ ಬಗ್ಗೆ ನಾನೂ ಕಾಮ್ರಾನರನ್ನು ಕೇಳಿದ್ದೆ. ಅವರು ಐಸ್ ಚೀಲ ಸರಿಮಾಡಿಕೊಳ್ಳುತ್ತಾ ಹೇಳಿದರು. “ಒಳ್ಳೆ ಡಿಫೆಂಡರ್ ವಿಡಿಯೊದಲ್ಲಿ ಏನೂ ಆಗಲ್ಲ ಮೇಡಂ. ನೋಡಿದವರಿಗೆ ನಿದ್ದೆ ಬರುತ್ತೆ. ಅವಳಿಗೆ ವಿಡಿಯೊ ಬೇಡ. ಆ ಶಾಲೆಯ ಕೋಚ್ ನನಗೆ ಗೊತ್ತು, ನಾನೇ ಮಾತಾಡ್ತೀನಿ. ಹತ್ತು ವರ್ಷದಲ್ಲಿ ಇಂಥ ಹುಡುಗಿ ನೋಡಿಲ್ಲ ಅಂತ ಹೇಳ್ತೀನಿ.” ನಾನು ಮನೆಗೆ ಬಂದು ಇದನ್ನು ದಿಶಾಳಿಗೆ ಹೇಳಬಾರದಿತ್ತೇನೋ. ಹೇಳಿದೆ. ಅವಳು ಆ ರಾತ್ರಿ ಶೂ ತೊಳೆದು, ಲೇಸ್ ಬಿಚ್ಚಿ ಒಣಹಾಕಿದಳು.

ಮೇ ತಿಂಗಳಲ್ಲಿ ಒಂದು ದಿನ ಸೈರನ್ ಕೂಗಿ ಎಲ್ಲರೂ ಸೂರಿನಡಿ ಸೇರಿದ್ದಾಗ ಪ್ರಕಾಶ್ ಕೋಚ್ ಪಕ್ಕ ಹೋಗಿ ಕೂತರು. ನಾನು ಎರಡು ಮಾರು ದೂರದಲ್ಲಿದ್ದೆ. ಪ್ರಕಾಶ್ ದನಿ ಯಾವತ್ತೂ ತಗ್ಗಿದ್ದಿಲ್ಲ. ಎಂಟು ಮಕ್ಕಳಿಗೂ ವಿಡಿಯೊಗೆಂದೇ ಮ್ಯಾಚ್ ಇಡಿ, ಎದುರಿನ ಡಿಫೆನ್ಸ್ ಸ್ವಲ್ಪ ಸಡಿಲ ಇರಲಿ, ಒಬ್ಬೊಬ್ಬರಿಗೂ ಎರಡೆರಡು ಗೋಲು ಬರಲಿ ಎಂದು ಇಂಗ್ಲಿಷಿನಲ್ಲಿ ವಿವರಿಸಿದರು. ಆಮೇಲೆ ನಮ್ಮ ಕಡೆ ತಿರುಗಿ ಕನ್ನಡದಲ್ಲಿ, “ಒಬ್ರಿಗೆ ಜಾಸ್ತಿ ಒಬ್ರಿಗೆ ಕಮ್ಮಿ ಆಗ್ಬಾರ್ದು ನೋಡಿ. ಪಂಕ್ತಿಭೇದ ಬೇಡ,” ಅಂದರು. ಎಲ್ಲರೂ ತಲೆದೂಗಿದರು. ಊಟದ ಪಂಕ್ತಿಯಲ್ಲಿ ಹೋಳಿಗೆ ಬಡಿಸುವ ಹಾಗೆ ಗೋಲು ಬಡಿಸಬೇಕು. ಅದು ಸುಳ್ಳು ಎಂದು ಒಬ್ಬರಿಗೂ ಅನ್ನಿಸಲಿಲ್ಲ. ಅನ್ಯಾಯ ಆಗಬಾರದು ಎಂಬುದೊಂದೇ ಅವರ ಚಿಂತೆ. ತಮ್ಮ ತಮ್ಮೊಳಗೆ ಸಮನಾಗಿ ಹಂಚಿಕೊಂಡರೆ ಯಾವ ಹೊಲಸೂ ಹೊಲಸಲ್ಲ ಎಂದು ನಂಬಿದ ಜನ ನಾವು.

ಕಾಮ್ರಾನ್ ಚಹಾದ ಲೋಟ ಕೆಳಗಿಟ್ಟರು. “ಡಿಫೆಂಡರಿಗೆ ದಾರಿ ಬಿಡು ಅಂತ ನಾನು ಯಾವತ್ತೂ ಹೇಳಿಲ್ಲ,” ಅಂದರು.

“ಕೋಚ್, ನಿಮ್ಮ ಪಾಸ್ ಯಾವಾಗ ರಿನ್ಯೂ ಆಗಬೇಕು?” ಎಂದು ಪ್ರಕಾಶ್ ಕೇಳಿದರು. ಬಹಳ ಕಳಕಳಿಯಿಂದ, ನಗುಮುಖದಿಂದ ಕೇಳಿದರು.

ಆ ವರ್ಷ ಆಗಸ್ಟಿನಲ್ಲಿ ಅವರ ಕೆಲಸದ ಪಾಸ್ ಮುಗಿಯುತ್ತಿತ್ತು. ಅಕಾಡೆಮಿಯವರು ಮುಂದುವರಿಸಿದರೆ ಇಲ್ಲಿ ಇರಬಹುದು, ಇಲ್ಲವಾದರೆ ಹೆಂಡತಿ ಮಗುವನ್ನು ಕರೆದುಕೊಂಡು ಹೊರಡಬೇಕು. ಎಂಟು ಮಕ್ಕಳ ಪೋಷಕರು ಒಟ್ಟಿಗೆ ಎದ್ದುಹೋದರೆ ಅಕಾಡೆಮಿಗೆ ಆ ಬ್ಯಾಚೇ ಇರುತ್ತಿರಲಿಲ್ಲ. ಪಾಸ್ ಮೇಲೆ ಬದುಕುವುದು ಅಂದರೇನು ಎಂದು ನಮ್ಮಲ್ಲಿ ಗೊತ್ತಿಲ್ಲದವರು ಯಾರು? ನಾವೆಲ್ಲರೂ ಒಂದು ಕಾಲದಲ್ಲಿ ಆ ಕಾಗದ ಬರುವವರೆಗೆ ಉಸಿರು ಹಿಡಿದು ಕೂತವರೇ. ಗೊತ್ತಿದ್ದದ್ದರಿಂದಲೇ ಎಲ್ಲಿ ಒತ್ತಿದರೆ ನೋಯುತ್ತದೆ ಎಂದು ಪ್ರಕಾಶ್‌ಗೆ ಸರಿಯಾಗಿ ತಿಳಿದಿತ್ತು. ಕಾಮ್ರಾನ್ ಸೈರನ್ ಮುಗಿದರೂ ಏಳದೆ, ಕರಗಿ ನೀರಾದ ಐಸ್ ಚೀಲವನ್ನು ಮಂಡಿಯ ಮೇಲೆ ಒತ್ತಿಕೊಂಡೇ ಕೂತಿದ್ದರು. ಆವತ್ತು ನನಗೆ ಅವರ ಮೇಲೆ ಮರುಕ ಬಂತು. ಮುಂದಿನ ಎರಡು ಶನಿವಾರ ನಾನು ಆಫೀಸಿನ ಕೆಲಸದ ಮೇಲೆ ಹಾಂಗ್‌ಕಾಂಗಿನಲ್ಲಿದ್ದೆ.

ವಾಪಸು ಬಂದ ಶನಿವಾರ ವಿಮಾನ ನಿಲ್ದಾಣದಿಂದ ನೇರ ಮೈದಾನಕ್ಕೆ ಹೋದೆ. ಮಕ್ಕಳೆಲ್ಲ ಒಂದು ಕಡೆ ನೀರು ಕುಡಿಯುತ್ತಿದ್ದರು. ಮೈದಾನದ ನಡುವೆ ಕೋಚ್, ದಿಶಾ, ಸಾನ್ವಿ ಮೂವರೇ. ಸಾನ್ವಿ ಚೆಂಡು ತಳ್ಳಿಕೊಂಡು ಬರುವಳು, ಬಲಕ್ಕೆ ತಿರುಗುವಳು. ದಿಶಾ ಎಡಗಾಲು ಚಾಚಿ, ಜಾರಿ, ಎಡಮಗ್ಗುಲಿಗೆ ಬೀಳುವಳು. ಕೋಚ್ ತಲೆ ಆಡಿಸುವರು. “ಬೇಗ ಬಿದ್ದೆ. ಚೆಂಡು ದಾಟಲಿ, ಆಮೇಲೆ. ಮೊದಲೇ ಬಿದ್ದರೆ ಗೊತ್ತಾಗುತ್ತೆ. ಇನ್ನೊಂದು ಸಲ.” ಇನ್ನೊಂದು ಸಲ. ಮತ್ತೊಂದು ಸಲ. ಬೇರೆ ಯಾವ ಹುಡುಗಿ ಬಿದ್ದರೂ ಬೇಕೆಂದೇ ಬಿದ್ದ ಹಾಗೆ ಕಾಣುತ್ತಿತ್ತಂತೆ. ನಿಜವಾಗಿ ತಡೆಯಬಲ್ಲವಳಿಗೆ ಮಾತ್ರ ನಿಜದ ಹಾಗೆ ತಪ್ಪಿಸಿಕೊಳ್ಳಲು ಬರುತ್ತದೆ. ಚೆಂಡು ಯಾವಾಗ ತಿರುಗುತ್ತದೆ ಎಂದು ಮೊದಲೇ ಕಂಡು, ಅದಕ್ಕೆ ಕೂದಲೆಳೆಯಷ್ಟು ತಡವಾಗಿ ಕಾಲು ಹಾಕುವುದು. ಎಷ್ಟು ಶ್ರದ್ಧೆಯಿಂದ ಕಲಿಸುತ್ತಿದ್ದರೆಂದರೆ, ಸೊಂಟ ನೋಡು ಎಂದು ಕಲಿಸಿದಾಗಿನ ಅದೇ ತಾಳ್ಮೆ, ಅದೇ ದನಿ. ನನಗೆ ಹೇಸಿಗೆಯಾದದ್ದು ಅದನ್ನು ನೋಡಿ. ಅರೆಮನಸ್ಸಿನಿಂದ ಮಾಡಿದ್ದರೆ ಕ್ಷಮಿಸುತ್ತಿದ್ದೆನೋ ಏನೋ.

ಕಾರಿನಲ್ಲಿ ದಿಶಾಳಿಗೆ ಇನ್ನು ಮೇಲೆ ಕ್ಲಾಸಿಗೆ ಹೋಗಬೇಡ ಅಂದೆ. ಮೊಣಕೈ ಕೆಂಪಗೆ ಉಜ್ಜಿಹೋಗಿತ್ತು.

“ಕೋಚ್ ಪ್ರಾಮಿಸ್ ಮಾಡಿದಾರೆ ಅಮ್ಮಾ. ವಿಡಿಯೊ ಮುಗೀಲಿ, ನನ್ ಬಗ್ಗೆ ಸ್ಕೂಲಲ್ಲಿ ಮಾತಾಡ್ತಾರೆ.”

“ಅವರು ನಿನ್ನ ಹಾಳು ಮಾಡ್ತಿದಾರೆ ಕಣೇ.”

“ಆಕ್ಟಿಂಗ್ ಲಾ,” ಅಂದಳು, ಇಲ್ಲಿಯ ಮಕ್ಕಳ ಧಾಟಿಯಲ್ಲಿ. “ಮ್ಯಾಚಲ್ಲಿ ನಾನ್ಯಾಕೆ ಬೀಳ್ತೀನಿ?”

ಮುರಳಿ ಎಂದಿನಂತೆ ನಡುವೆ ಬಂದು, “ಎರಡು ವಾರದ ವಿಷಯ, ಪಾಪ ಆ ಮನುಷ್ಯನ ಪಾಸ್ ಪ್ರಶ್ನೆ, ದೊಡ್ಡದು ಮಾಡ್ಬೇಡ,” ಅಂದರು. ನಾನು ಮಾಡಿದೆ. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಇದು ಮೋಸ ಎಂದು ನೇರವಾಗಿಯೇ ಬರೆದೆ. ಒಬ್ಬರು ಕೈಮುಗಿದ ಚಿತ್ರ ಹಾಕಿದರು. ಇನ್ನೊಬ್ಬರು ಶುಭ ಭಾನುವಾರ ಅಂದರು. ಪ್ರಕಾಶ್ ಫೋನ್ ಮಾಡಿ, “ಶಾಲಿನಿ ಅವ್ರೇ, ನಿಮ್ಮ ಮಗಳಿಗೆ ಟ್ಯಾಲೆಂಟ್ ಇದೆ, ನಮ್ಮಕ್ಕಳಿಗೆ ಇಲ್ಲ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ರೆ ಎಲ್ರೂ ಒಂದೇ ಸ್ಕೂಲಿಗೆ ಹೋಗ್ತಾರೆ. ಒಂದೇ ಬಸ್ಸಲ್ಲಿ ಹೋಗಿ ಬಂದು ಮಾಡ್ಬಹುದು,” ಅಂದರು. ಬಸ್ಸಿನವರೆಗೂ ಯೋಚಿಸಿಯಾಗಿತ್ತು.

ವಿಡಿಯೊ ಮ್ಯಾಚಿನ ದಿನ ಬೆಳಗ್ಗೆಯೇ ಜೋರು ಗಾಳಿಮಳೆ ಹೊಡೆದು ನಿಂತಿತ್ತು. ಒದ್ದೆ ಹುಲ್ಲು ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ಯಾರೋ ಖುಷಿಪಟ್ಟರು. ನನ್ನ ಮಾತು ಕೇಳದೆ ಬಂದಿದ್ದ ದಿಶಾಳಿಗೆ ಹಳದಿ ಅಂಗಿ ಕೊಟ್ಟು ಎದುರು ತಂಡದಲ್ಲಿ ನಿಲ್ಲಿಸಿದರು. ಸರದಿಯ ಮೇಲೆ ಒಬ್ಬೊಬ್ಬ ಹುಡುಗಿಯೂ ಬಂದು, ಬಲಕ್ಕೆ ತಿರುಗಿ, ಬಿದ್ದ ದಿಶಾಳನ್ನು ದಾಟಿ, ಗೋಲಿಗೆ ಚೆಂಡು ಹೊಡೆದಳು. ತಪ್ಪಿದರೆ ಮತ್ತೆ. ಬಿಸಿಲಿಗೆ ಅಳುತ್ತಿದ್ದ ಹುಡುಗಿಗೆ ಎರಡನೆಯದು ಬರುವವರೆಗೆ ದಿಶಾ ಎಷ್ಟು ಸಲ ಬಿದ್ದಳೋ, ನೋಡಲಾರದೆ ನಾನು ಕಾಪಿ ಅಂಗಡಿಗೆ ಹೋಗಿ ಕೂತೆ. ಅಲ್ಲಿಯವರೆಗೂ ಚಪ್ಪಾಳೆ ಕೇಳುತ್ತಿತ್ತು. ನನ್ನ ಮಗಳು ನೆಲಕ್ಕೆ ಬಿದ್ದಾಗಲೆಲ್ಲ ಕನ್ನಡದಲ್ಲಿ ಭೇಷ್ ಎಂದು ಕೂಗುವ ದನಿಗಳನ್ನು ನಾನು ಗುರುತಿಸಬಲ್ಲೆ. ಯುಗಾದಿಗೆ ನಮ್ಮನೆಯಲ್ಲಿ ಊಟ ಮಾಡಿ ಹೋದ ದನಿಗಳು.

ಜುಲೈ ಕೊನೆಯಲ್ಲಿ ಆ ಶಾಲೆಯಲ್ಲಿ ಆಯ್ಕೆ ನಡೆಯಿತು. ನಮ್ಮ ಎಂಟು ಹುಡುಗಿಯರಲ್ಲಿ ಐವರನ್ನು ಕರೆದಿದ್ದರು. ವಿಡಿಯೊ ಇಲ್ಲದಿದ್ದರೂ ದಿಶಾಳನ್ನೂ ಕರೆದಿದ್ದರು. ಅಕಾಡೆಮಿಯ ಹೆಸರಿನಿಂದಲೋ ಏನೋ. ಪೋಷಕರಿಗೆ ಒಳಗೆ ಪ್ರವೇಶವಿಲ್ಲ. ರಸ್ತೆ ಬದಿಯ ಬೇಲಿಯಿಂದ ಮೈದಾನ ಕಾಣುತ್ತಿತ್ತು. ನಾನು, ಮುರಳಿ, ಪ್ರಕಾಶ್ ಎಲ್ಲರೂ ಸಾಲಾಗಿ ಆ ಬೇಲಿಗೆ ಮೂಗು ತಾಗಿಸಿ ನಿಂತಿದ್ದೆವು. ಎಲ್ಲ ಶಾಲೆಗಳ ಹುಡುಗಿಯರನ್ನೂ ಬೆರೆಸಿ ಎರಡು ತಂಡ ಮಾಡಿದರು. ಮೊದಲ ಹತ್ತು ನಿಮಿಷ ದಿಶಾ ಆಡಿದ ಆಟ ಕಣ್ಣಿಗೆ ಕಟ್ಟಿದೆ. ತನಗಿಂತ ಗೇಣುದ್ದ ಎತ್ತರದ ಹುಡುಗಿಯ ಕಾಲಿಂದ ಚೆಂಡು ತೆಗೆದು, ಏನೂ ಆಗದವಳಂತೆ ಪಕ್ಕದವಳಿಗೆ ಕೊಟ್ಟು ಮತ್ತೆ ತನ್ನ ಜಾಗಕ್ಕೆ ಹೋಗಿ ನಿಂತಳು. ಎರಡನೆಯ ಸಲ, ಮೂರನೆಯ ಸಲವೂ ಹಾಗೆಯೇ. ಆ ಶಾಲೆಯ ಕೋಚ್ ಪಕ್ಕದವರಿಗೆ ಅವಳನ್ನು ತೋರಿಸಿದ್ದನ್ನು ನಾನು ನೋಡಿದೆ. ಮುರಳಿ ನನ್ನ ಕೈ ಹಿಡಿದುಕೊಂಡರು.

ಆಮೇಲೆ ಎದುರು ತಂಡದಲ್ಲಿದ್ದ ಸಾನ್ವಿಗೆ ಚೆಂಡು ಸಿಕ್ಕಿತು. ಆ ಮಗುವಿಗೆ ಬರುತ್ತಿದ್ದದ್ದು ಒಂದೇ ಪಟ್ಟು. ತಳ್ಳಿಕೊಂಡು ಬಂದು ಬಲಕ್ಕೆ ತಿರುಗುವುದು. ತಿರುಗಿದಳು. ದಿಶಾ ಎಡಗಾಲು ಚಾಚಿ, ಜಾರಿ, ಎಡಮಗ್ಗುಲಿಗೆ ಬಿದ್ದಳು.

ಬೇಕೆಂದು ಬೀಳಲಿಲ್ಲ. ಬಿದ್ದ ಮೇಲೆ ಅವಳ ಮುಖ ನೋಡಿದೆ. ತನ್ನ ಮೈ ಏನು ಮಾಡಿತು ಎಂದು ಅವಳಿಗೇ ಅರ್ಥವಾಗಿರಲಿಲ್ಲ. ವಾರಗಟ್ಟಲೆ ನೂರಾರು ಸಲ ಅದೇ ಹುಡುಗಿ ಅದೇ ಪಕ್ಕಕ್ಕೆ ತಿರುಗಿದಾಗಲೆಲ್ಲ ಬಿದ್ದ ಮೈ, ತಲೆಯನ್ನು ಕೇಳದೆ ಬಿದ್ದಿತ್ತು. ಸಾನ್ವಿ ಗೋಲು ಹೊಡೆದಳು. ನನ್ನ ಪಕ್ಕದಲ್ಲಿ ಪ್ರಕಾಶ್ ಬೇಲಿ ಹಿಡಿದು ಕುಣಿದರು. ಮೈದಾನದಲ್ಲಿ ಆ ಶಾಲೆಯ ಕೋಚ್ ದಿಶಾಳ ಹತ್ತಿರ ಬಂದು ಏನೋ ಕೇಳಿ ನಕ್ಕರು. ಓ, ಎಲ್ಲ ವಿಡಿಯೊದಲ್ಲೂ ಬೀಳುವ ಹಳದಿ ಅಂಗಿಯ ಹುಡುಗಿ ನೀನೇನಾ, ಎಂದು ಕೇಳಿದರಂತೆ. ಆಮೇಲೆ ಉಳಿದ ಹೊತ್ತೆಲ್ಲ ಅವಳು ಚೆಂಡಿನ ಹತ್ತಿರ ಹೋಗಲಿಲ್ಲ. ಯಾರು ಬಂದರೂ ಹಿಂದೆ ಹಿಂದೆ ಸರಿದಳು. ಇನ್ನೊಮ್ಮೆ ಬಿದ್ದುಬಿಡುತ್ತೇನೆ ಅನ್ನುವ ಭಯಕ್ಕೆ ಸರಿದದ್ದು ಎಂದು ರಾತ್ರಿ ದಿಂಬಿಗೆ ಮುಖ ಒತ್ತಿಕೊಂಡು ಹೇಳಿದಳು.

ಸಾನ್ವಿಗೂ ಇನ್ನೊಬ್ಬಳಿಗೂ ಸೀಟು ಸಿಕ್ಕಿತು. ದಿಶಾಳಿಗೆ ಸಿಗಲಿಲ್ಲ.

ನಾನು ಕಾಮ್ರಾನರನ್ನು ಹುಡುಕಿಕೊಂಡು ಹೋದೆ. ಅದೇ ಕಾಪಿ ಅಂಗಡಿ, ಅದೇ ಮೇಜು. ಆ ಶಾಲೆಯ ಕೋಚ್ ಜೊತೆ ಮಾತಾಡಿದಿರಾ ಎಂದು ಕೇಳಿದೆ. ಲೋಟ ತಿರುಗಿಸುತ್ತಾ ಹೇಳಿದರು.

“ಹೇಗೆ ಮಾತಾಡಲಿ ಮೇಡಂ? ಈ ಹುಡುಗಿ ಎಲ್ಲರಿಗಿಂತ ಒಳ್ಳೆ ಡಿಫೆಂಡರ್ ಅಂದರೆ, ಮತ್ತೆ ಎಂಟು ವಿಡಿಯೊದಲ್ಲೂ ಯಾಕೆ ಬೀಳ್ತಾಳೆ ಅಂತ ಕೇಳ್ತಾರೆ. ಅವಳ ಬಗ್ಗೆ ನಿಜ ಹೇಳಿದರೆ ಅವರೆಲ್ಲರದ್ದೂ ಸುಳ್ಳಾಗುತ್ತೆ.”

“ಇದು ನಿಮಗೆ ಮೊದಲೇ ಗೊತ್ತಿತ್ತು.”

“ಗೊತ್ತಿತ್ತು,” ಅಂದರು. ಸುಳ್ಳಾದರೂ ಹೇಳಬಾರದಿತ್ತೆ ಈ ಮನುಷ್ಯ? “ನನ್ನ ಮಗಳಿಗೂ ಇಲ್ಲೇ ಶಾಲೆ, ಮೇಡಂ,” ಎಂದು ಸೇರಿಸಿದರು. ನನಗೆ ಮೈ ಉರಿದುಹೋಯಿತು. ಅವರ ಮಗಳ ಶಾಲೆಗಾಗಿ ನನ್ನ ಮಗಳ ಶಾಲೆ. ಒಂದು ಕ್ಷಣ ಆ ಲೆಕ್ಕ ನನಗೂ ಅರ್ಥವಾಯಿತು ಎಂಬುದು ಇನ್ನೂ ಉರಿ. ಕುಡಿಯದ ಕಾಪಿ ಅಲ್ಲೇ ಬಿಟ್ಟು ಎದ್ದುಬಂದೆ. ಅವರ ಪಾಸ್ ಆಗಸ್ಟಿನಲ್ಲಿ ರಿನ್ಯೂ ಆಯಿತು.

ದಿಶಾ ಮತ್ತೆ ಮೈದಾನಕ್ಕೆ ಹೋಗಲಿಲ್ಲ. ಹೋಗು ಎಂದು ಹೇಳುವ ಧೈರ್ಯ ನಮಗೂ ಆಗಲಿಲ್ಲ. ಶೂಗಳನ್ನು ಕವರಿನಲ್ಲಿ ಕಟ್ಟಿ ಮಂಚದ ಕೆಳಗೆ ತಳ್ಳಿದಳು. ಪರೀಕ್ಷೆ ಬರೆದು, ಅಂಕದ ಮೇಲೆ ಮನೆ ಹತ್ತಿರದ ಹೈಸ್ಕೂಲಿಗೆ ಸೇರಿದಳು. ಅಲ್ಲಿ ಹುಡುಗಿಯರ ತಂಡ ಇರಲಿಲ್ಲ.

ಆದರೆ ಅದಕ್ಕೂ ಮೊದಲು ನವೆಂಬರಿನಲ್ಲಿ ರಾಜ್ಯೋತ್ಸವ ಬಂತು. ಟೋವಾ ಪಾಯೋದಲ್ಲೊಂದು ಹಾಲ್ ಹಿಡಿದು ನಮ್ಮ ಗುಂಪಿನವರು ಪ್ರತಿವರ್ಷ ಮಾಡುವ ಕಾರ್ಯಕ್ರಮ. ನಾಡಗೀತೆ, ಮಕ್ಕಳ ಕೋಲಾಟ, ಬಿಸಿಬೇಳೆಬಾತ್. ಆ ವರ್ಷ ಕೋಚ್ ಕಾಮ್ರಾನರಿಗೆ ಸನ್ಮಾನ ಇಟ್ಟಿದ್ದರು. ಬರುವುದಿಲ್ಲ ಅಂದಿದ್ದೆ. ಕೋಲಾಟದಲ್ಲಿ ದಿಶಾ ಇದ್ದದ್ದರಿಂದ ಬರಬೇಕಾಯಿತು. ಪ್ರಕಾಶ್ ಮೈಕ್ ಹಿಡಿದು, ನಮ್ಮ ಹೆಣ್ಣುಮಕ್ಕಳಿಗೆ ಫುಟ್‌ಬಾಲಿನ ದಾರಿ ತೋರಿದ ಗುರುಗಳು ಎಂದು ಹೊಗಳಿ, ಅವರಿಗೆ ಶಾಲು ಹೊದಿಸಿ, ಏಲಕ್ಕಿ ಹಾರ ಹಾಕಿ, ತಲೆಗೆ ಮೈಸೂರು ಪೇಟ ಇಟ್ಟರು. ಪೇಟ ಸಣ್ಣದಾಗಿತ್ತು. ಹಣ್ಣಿನ ತಟ್ಟೆ ಹಿಡಿದು ಫೋಟೊಗೆ ನಿಂತಾಗ ಅದು ಜಾರದಂತೆ ಕಾಮ್ರಾನ್ ಕುತ್ತಿಗೆ ಸೆಟೆದುಕೊಂಡಿದ್ದರು. ಎರಡು ಮಾತಾಡಿ ಎಂದರೆ, ಈ ಮಕ್ಕಳೆಲ್ಲ ಕಷ್ಟಪಟ್ಟು ಆಡಿದರು, ಎಲ್ಲರೂ ಹುಟ್ಟು ಫಾರ್ವರ್ಡ್‌ಗಳು ಎಂದರು. ಸಭೆ ಚಪ್ಪಾಳೆ ಹೊಡೆಯಿತು. ಡಿಫೆಂಡರ್ ಎಂಬ ಶಬ್ದ ಅವರ ಬಾಯಿಂದ ಬರಲಿಲ್ಲ. ಉಪ್ಪುಮಣ್ಣಿನಲ್ಲಿ ನಿಂತು ಆಡಿದವನ ಇಡೀ ಬಾಳು ಆ ಒಂದು ಶಾಲಿನ ಕೆಳಗೆ ಮುಚ್ಚಿಹೋಯಿತು ಅನ್ನಿಸಿ ನನಗೆ ಕಣ್ಣು ತೇವವಾಯಿತು, ಅದರ ಹಿಂದೆಯೇ ಥೂ ಅನ್ನಿಸಿತು.

ಊಟದ ಸಾಲಿನಲ್ಲಿ ದಿಶಾ, ನಾನು, ನಮ್ಮ ಹಿಂದೆ ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡ ಕಾಮ್ರಾನ್. ಎದುರಿಗೆ ಬಂದವರು ಸುಮನಾ, ಅದೇ ವರ್ಷ ಮೈಸೂರಿನಿಂದ ಬಂದ ಎಳೆಯ ತಾಯಿ. ಮಗಳು ಐದನೇ ತರಗತಿ. ದಿಶಾಳನ್ನು ನೋಡಿ ಮುಖ ಅರಳಿಸಿದರು.

“ಇವ್ಳೇ ಅಲ್ವಾ ವಿಡಿಯೊದಲ್ಲಿ ಬೀಳೋ ಹುಡ್ಗಿ? ಪ್ರಕಾಶ್ ಸರ್ ತೋರಿಸಿದ್ರು, ಎಷ್ಟ್ ನ್ಯಾಚುರಲ್ ಆಗಿ ಬೀಳ್ತಾಳೆ. ಶಾಲಿನಿ ಅವ್ರೇ, ಮುಂದಿನ್ ವರ್ಷ ನಮ್ ಬ್ಯಾಚಿಗೂ ಸಿಗ್ತಾಳಾ?”

ನಾನು ದಿಶಾಳನ್ನು ಪಕ್ಕಕ್ಕೆ ಎಳೆದುಕೊಂಡೆ. ಸುಮನಾ ಉತ್ತರಕ್ಕಾಗಿ ಕೋಚ್ ಕಡೆ ತಿರುಗಿ ಅದನ್ನೇ ಇಂಗ್ಲಿಷಿನಲ್ಲಿ ಕೇಳಿದರು. ಆ ಮನುಷ್ಯ ಒಂದು ಸಲ, ಒಂದೇ ಒಂದು ಸಲ ಇಲ್ಲ ಅನ್ನುತ್ತಾರೆ ಎಂದು ನಾನು ಕಾದೆ. ಕಾಮ್ರಾನ್ ನೆಲ ನೋಡುತ್ತಾ, “ತಾಯಿ ಒಪ್ಪಿದರೆ,” ಅಂದರು.

ದಿಶಾ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಕೋಚ್ ಕಡೆ ತಿರುಗಲೂ ಇಲ್ಲ.

“ಬೇಡ ಆಂಟಿ. ನಿಮ್ಮಗಳೇ ಬೀಳ್ಲಿ,” ಅಂದಳು. “ನಾನು ಹೇಳ್ಕೊಡ್ತೀನಿ.”

ಸಾಲಿನಲ್ಲಿ ಒಂದಿಬ್ಬರು ತಲೆ ತಗ್ಗಿಸಿದರು. ಕಾಮ್ರಾನರಿಗೆ ಕನ್ನಡ ಬಾರದಿದ್ದರೂ ಮುಖ ಕಪ್ಪಿಟ್ಟಿತು. ಸುಮನಾ ಮಾತ್ರ ಸ್ವಲ್ಪವೂ ಬೇಜಾರು ಮಾಡಿಕೊಳ್ಳದೆ, ಚೀಲದಿಂದ ಫೋನು ತೆಗೆದು ಕ್ಯಾಲೆಂಡರ್ ಬಿಡಿಸಿಕೊಂಡರು.

“ಎಷ್ಟ್ ಕ್ಲಾಸ್ ಬೇಕಾಗ್ಬಹುದು ಪುಟ್ಟಾ? ಶನಿವಾರ ಅವ್ಳಿಗೆ ಅಬಾಕಸ್ ಇದೆ.”